ದಿನಕ್ಕೆ ಸೊನ್ನೆ ಲೋಟ

"ಬಾಕ್ಸ್ ಗಟ್ಟಿಯಾಗಿ ಹಿಡ್ಕೊಳ್ಳಿ ಮೇಡಂ."

"ಹಿಡ್ಕೊಂಡಿದ್ದೀನಿ. ನೀವು ಮುಂದೆ ನೋಡಿ."

ಮುಂದೆ ನೋಡಲು ಏನೂ ಇರಲಿಲ್ಲ. ಇದ್ದದ್ದೆಲ್ಲ ಹಿಂದೆ... ಕಂಪನಿಯ ಬಿಳಿ ಪಿಕಪ್. ಕನ್ನಡಿಯಲ್ಲಿ ಅದು ದೊಡ್ಡದಾಗುತ್ತಲೇ ಇತ್ತು. ಸ್ಟೀರಿಂಗ್ ಹಿಡಿದು ಗೋಡೆ ಕೂತಿದ್ದ. ಗೋಡೆ ಅಂದರೆ ಕಂಪನಿಯ ಸೆಕ್ಯುರಿಟಿ ಚೀಫ್. ಆಳು ಹಾಗಿದ್ದಾನೆ, ಹೆಸರೂ ಹಾಗೇ.

ನಮ್ಮದು ನರ್ಸಮ್ಮನ ಹಳೇ ಸ್ಕೂಟರ್. ನನ್ನ ಹಿಂದೆ ಮೇಡಂ. ಮೇಡಂ ಮಡಿಲಲ್ಲಿ ಐಸ್‌ಬಾಕ್ಸ್. ಅದರೊಳಗೆ ಕಾಲೊನಿಯ ಮಕ್ಕಳ ರಕ್ತ, ಸಣ್ಣ ಸಣ್ಣ ಟ್ಯೂಬುಗಳಲ್ಲಿ.

ಬಂಪರ್ ಒಮ್ಮೆ ನಮ್ಮ ಹಿಂದಿನ ಚಕ್ರಕ್ಕೆ ತಾಗಿತು. ಸ್ಕೂಟರ್ ಓಲಾಡಿತು. ಕಾಲು ಊರಿ, ಹೇಗೋ ಸಾವರಿಸಿಕೊಂಡು ಆಕ್ಸಿಲರೇಟರ್ ತಿರುಚಿದೆ.

"ಆ ಡ್ರೈವರ್ ನಿಮಗೆ ಗೊತ್ತಾ?" ಮೇಡಂ ಕಿವಿಯ ಹತ್ತಿರ ಕೇಳಿದರು.

"ಚೆನ್ನಾಗಿ ಗೊತ್ತು. ಬೆಳಿಗ್ಗೆ ಅವನ ಪಕ್ಕದ ಸೀಟಲ್ಲೇ ಕೂತು ಬಂದೆ."

ಮೇಡಂ ಬಾಕ್ಸನ್ನು ನನ್ನ ಬೆನ್ನಿನಿಂದ ದೂರಕ್ಕೆ ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ನಿಮಗೆ ಇದನ್ನು ಮೊದಲಿನಿಂದ ಹೇಳಬೇಕು. ಹೇಳಲು ನನಗೇನೂ ಹೆಮ್ಮೆಯಿಲ್ಲ.

ಎಲ್ಲರೂ ನನ್ನನ್ನು ಕರೆಯುವುದು ತೇಪೆ ಎಂದು. ಎಲ್ಲಿ ಹರಿದಿದೆಯೋ ಅಲ್ಲಿ ತೇಪೆ ಹಾಕುವುದು ನನ್ನ ಕೆಲಸ. ಸ್ಟ್ರೈಕ್ ಮುರಿಯಬೇಕೆ, ಕಂಪ್ಲೇಂಟ್ ವಾಪಸ್ ತೆಗೆಸಬೇಕೆ, ಯಾರದಾದರೂ ಬಾಯಿ ಮುಚ್ಚಿಸಬೇಕೆ... ನನಗೊಂದು ಫೋನ್ ಬರುತ್ತದೆ. ನಾನು ಹೊಡೆಯುವವನಲ್ಲ. ಮಾತಿನಲ್ಲೇ ಮುಗಿಸುವುದರಲ್ಲಿ ನನ್ನದು ಎತ್ತಿದ ಕೈ.

ಈ ಕಂಪನಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತದೆ. ತೊಳೆದ ನೀರು ಕಾಂಪೌಂಡಿನ ಹಿಂದಿನ ಹಳ್ಳಕ್ಕೆ ಹೋಗುತ್ತದೆ. ಹಳ್ಳದ ಪಕ್ಕದಲ್ಲಿ ಬೋರ್‌ವೆಲ್. ಬೋರ್‌ವೆಲ್ಲಿನಿಂದ ಕಾಲೊನಿಯ ಟ್ಯಾಂಕ್. ಟ್ಯಾಂಕಿನಿಂದ ನಲ್ಲಿ. ಆ ಕಾಲೊನಿಯ ಕೊನೆಯ ಸಾಲಿನಲ್ಲಿ ನನ್ನ ಅಕ್ಕನ ಮನೆ.

ಮೇಡಂ ಬಂದದ್ದು ಸರ್ಕಾರದ ಕಡೆಯಿಂದ. ನೀರಿನಲ್ಲಿ ಸೀಸ ಎಷ್ಟಿದೆ ಎಂದು ಅಳೆಯಲು ಲ್ಯಾಬಿನವರಿದ್ದರು. ಅಷ್ಟು ಸೀಸ ಜನರ ಮೈಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕುವುದು ಮೇಡಂ ಕೆಲಸ. ಕಂಪನಿಯ ಮೀಟಿಂಗ್ ರೂಮಿನಲ್ಲಿ ಅವರೇ ಬೋರ್ಡಿನ ಮೇಲೆ ಬರೆದು ತೋರಿಸಿದರು. ನೀರಿನಲ್ಲಿರುವ ಸೀಸವನ್ನು ದಿನಕ್ಕೆ ಕುಡಿಯುವ ನೀರಿನಿಂದ ಗುಣಿಸಬೇಕು. ಬಂದದ್ದನ್ನು ಕುಡಿಯುವವರ ತೂಕದಿಂದ ಭಾಗಿಸಬೇಕು. ಮಕ್ಕಳ ತೂಕ ಕಡಿಮೆ, ಅದಕ್ಕೇ ಅವರಿಗೆ ಅಪಾಯ ಜಾಸ್ತಿ ಎಂದರು.

ಮೇಡಂ ಹೋದ ಮೇಲೆ ಎಂ.ಡಿ. ಬಾಗಿಲು ಹಾಕಿಸಿದರು.

"ತೇಪೆ, ಸ್ಯಾಂಪಲ್ ನೀರಿನ ಬಾಟಲಿ ಬದಲಾಯಿಸೋಕೆ ಆಗುತ್ತಾ?"

"ಆಗಲ್ಲ ಸಾರ್. ಸೀಲ್ ಇರುತ್ತೆ. ಎರಡು ಲ್ಯಾಬಿಗೆ ಹೋಗುತ್ತೆ."

"ಮತ್ತೆ?"

ನಾನು ಬೋರ್ಡ್ ನೋಡಿದೆ. ಶಾಲೆಯಲ್ಲಿ ನನ್ನ ತಲೆಗೆ ಗಣಿತ ಹತ್ತಿದ್ದೇ ಇಲ್ಲ. ಅವತ್ತು ಹತ್ತಿತು.

"ಸೀಸ ಎಷ್ಟಾದ್ರೂ ಇರಲಿ ಸಾರ್. ಆ ನೀರನ್ನ ಯಾರೂ ಕುಡಿಯೋದೇ ಇಲ್ಲ ಅಂದ್ರೆ?"

ಎಂ.ಡಿ. ಬೋರ್ಡಿನ ಕಡೆ ತಿರುಗಿದರು. ಆಮೇಲೆ ನಕ್ಕರು. ಎದ್ದು ಬಂದು ನನ್ನ ಬೆನ್ನು ತಟ್ಟಿದರು.

ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಹೋದೆ. ಈಗ ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಮಾರನೇ ದಿನ ಕಾಲೊನಿಯಲ್ಲಿ ಮನೆ ಮನೆ ಹತ್ತಿದೆ. ಅಕ್ಕನ ತಮ್ಮ ಎಂದು ಎಲ್ಲರಿಗೂ ಪರಿಚಯ. ಕೂರಿಸಿ ಮಾತಾಡಿಸುತ್ತಿದ್ದರು.

"ನಲ್ಲಿ ನೀರು ಚೆನ್ನಾಗೇ ಇದೆ," ಅಂದೆ. "ಆದ್ರೆ ಆ ಮೇಡಂ ಹತ್ರ ಕುಡೀತೀವಿ ಅಂದ್ರೆ, ಈ ಜಾಗ ವಾಸಕ್ಕೆ ಯೋಗ್ಯ ಅಲ್ಲ ಅಂತ ಬರೆದುಬಿಡ್ತಾರೆ. ಆಮೇಲೆ ಬುಲ್ಡೋಜರ್ ಬರುತ್ತೆ. ಮನೆ ಬೇಕೋ, ಬೇಡವೋ?"

"ಬೇಕಪ್ಪಾ."

"ಹಾಗಾದ್ರೆ ಕ್ಯಾನ್ ನೀರೇ ಕುಡಿಯೋದು ಅನ್ನಿ. ನಲ್ಲಿ ನೀರು ಪಾತ್ರೆಗೆ, ಬಟ್ಟೆಗೆ ಅನ್ನಿ. ಎಲ್ಲಿ, ನಲ್ಲಿ ನೀರು ದಿನಕ್ಕೆ ಎಷ್ಟು ಲೋಟ ಕುಡೀತೀರಿ?"

"ಒಂದೂ ಇಲ್ಲ."

"ಭೇಷ್."

ಒಂದೊಂದು ಬಾಗಿಲ ಮುಂದೆಯೂ ಖಾಲಿ ಕ್ಯಾನ್ ಇಡಿಸಿದೆ. ಬೀದಿಗೆ ಬೀದಿಯೇ ನೀಲಿ. ಮೇಡಂ ತೂಕದ ಮಷಿನ್ ಹಿಡಿದು ಬಂದರು. ಒಬ್ಬೊಬ್ಬರನ್ನೂ ಹತ್ತಿಸಿ, ಇಳಿಸಿ, ಕೇಳಿದರು. ಎಲ್ಲರೂ ಪಾಠ ಒಪ್ಪಿಸಿದರು. ಮೂಲೆಮನೆಯ ಅಜ್ಜನಂತೂ, ಕ್ಯಾನ್ ನೀರಲ್ಲದಿದ್ದರೆ ತನಗೆ ಗಂಟಲಲ್ಲಿ ಇಳಿಯುವುದೇ ಇಲ್ಲ ಎಂದುಬಿಟ್ಟ. ನಾನು ಪಕ್ಕದಲ್ಲಿ ನಿಂತು ನಗು ನುಂಗಿಕೊಂಡೆ.

ಅಕ್ಕನಿಗೂ ಅದೇ ಪಾಠ. ಆದರೆ ಅವಳ ಬಾಗಿಲಿಗೆ ಮಾತ್ರ ತುಂಬಿದ ಕ್ಯಾನ್. ಒಂದು ದಿನವೂ ತಪ್ಪಿಸಬೇಡ ಎಂದು ಕ್ಯಾನ್ ಹಾಕುವವನಿಗೆ ನಾನೇ ಹೇಳಿಟ್ಟಿದ್ದೆ. ಭಾವ ಲಾರಿ ಓಡಿಸುವವರು, ಮನೆಯಲ್ಲಿರುವುದು ಅಪರೂಪ. ಇರುವವರು ಅಕ್ಕ, ಅವಳ ಮಗಳು ಪುಟ್ಟಿ. ನನ್ನವರಿಗೆ ಏನೂ ಆಗದ ಹಾಗೆ ನೋಡಿಕೊಂಡೆ ಎಂದುಕೊಂಡೆ. ಎಷ್ಟು ಒಳ್ಳೆಯ ತಮ್ಮ, ನೋಡಿ.

ಲೆಕ್ಕ ನಾನು ಹೇಳಿದ ಹಾಗೇ ಬಂತು. ನೀರಿನಲ್ಲಿ ಸೀಸ ಬೇಕಾದಷ್ಟಿತ್ತು. ಜನರಿಗೆ ಅಪಾಯ ಮಾತ್ರ ಸೊನ್ನೆ. ಸರ್ಕಾರದ ಹಿಯರಿಂಗಿಗೆ ದಿನ ನಿಗದಿಯಾಯಿತು. ಬೋರ್‌ವೆಲ್ ಮುಚ್ಚಬೇಕೋ ಬೇಡವೋ, ಮಕ್ಕಳಿಗೆ ಚಿಕಿತ್ಸೆ ಬೇಕೋ ಬೇಡವೋ, ಎಲ್ಲ ಅವತ್ತೇ ತೀರ್ಮಾನ.

ಮೇಡಂಗೆ ಅನುಮಾನ ಬಂದಿತ್ತು. ಹಿಯರಿಂಗ್ ದಿನ ಬೆಳಿಗ್ಗೆ ಕಾಲೊನಿಯ ಹೆಲ್ತ್ ಸೆಂಟರಿನಲ್ಲಿ ಮಕ್ಕಳ ರಕ್ತ ತೆಗೆಸತೊಡಗಿದರು. ಗೋಡೆಗೆ ಸುದ್ದಿ ಮುಟ್ಟಿತು. ನನ್ನನ್ನು ಪಿಕಪ್ಪಿಗೆ ಹತ್ತಿಸಿಕೊಂಡ.

"ರಕ್ತಕ್ಕೆ ಪಾಠ ಹೇಳ್ಕೊಡೋಕೆ ಆಗಲ್ಲ ಅಲ್ವಾ ತೇಪೆ? ಹೋಗಿ ಬಾಕ್ಸ್ ಎತ್ಕೊಂಡು ಬಾ. ನಾನು ಗೇಟಲ್ಲಿರ್ತೀನಿ."

ಹೋದೆ. ಫಿನಾಯಿಲ್ ವಾಸನೆ. ಒಂದು ಬದಿಗೆ ಬೆಂಚು, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಐಸ್‌ಬಾಕ್ಸ್. ನರ್ಸಮ್ಮ ಒಳಕೋಣೆಯಲ್ಲಿದ್ದರು. ಬಾಕ್ಸ್ ಎತ್ತಿಕೊಂಡೆ. ತಿರುಗಿದೆ.

ಅಕ್ಕ ನಿಂತಿದ್ದಳು. ಸೊಂಟದ ಮೇಲೆ ಪುಟ್ಟಿ. ಪುಟ್ಟಿಯ ಮೊಣಕೈ ಮಡಿಕೆಯಲ್ಲಿ ಹತ್ತಿ, ಹತ್ತಿಯ ಮೇಲೆ ಪ್ಲಾಸ್ಟರ್.

"ನೀನೇನೋ ಇಲ್ಲಿ?"

"ನೀನ್ಯಾಕೆ ಇವಳನ್ನ ಕರ್ಕೊಂಡು ಬಂದೆ? ನೀವು ಕುಡಿಯೋದು ಕ್ಯಾನ್ ನೀರು ತಾನೇ?"

"ಕ್ಯಾನಾ? ಅದನ್ನ ಪಕ್ಕದ ಮನೆ ಹುಡುಗಿಗೆ ಕೊಟ್ಟುಬಿಡ್ತೀನಿ. ಬಸುರಿ ಕಣೋ. ನಲ್ಲಿ ನೀರು ಬಾಯಿಗಿಟ್ರೆ ವಾಂತಿ ಮಾಡ್ಕೋತಾಳೆ."

"ಮತ್ತೆ ನೀವು?"

"ನಲ್ಲಿ ನೀರು. ಚೆನ್ನಾಗಿದೆ ಅಂತ ನೀನೇ ಹೇಳಿದ್ಯಲ್ಲ. ಸುಳ್ಳು ಹೇಳಿದ್ದು ಮನೆ ಉಳಿಸ್ಕೊಳ್ಳೋಕೆ ಅಲ್ವಾ?"

ಅವಳು ಕುಟುಕುತ್ತಿರಲಿಲ್ಲ. ನಾನು ಹೇಳಿದ್ದನ್ನು ನಂಬಿದ್ದಳು, ಅಷ್ಟೇ.

"ಇವಳಿಗೆ ಹೊಟ್ಟೆನೋವು ಬಿಡ್ತಾನೇ ಇಲ್ಲ," ಅಂದಳು. "ಊಟ ಸೇರಲ್ಲ. ಎರಡು ವರ್ಷ ತುಂಬಿತು, ಇನ್ನೂ ಅಮ್ಮ ಅನ್ನಲ್ಲ. ಅದಕ್ಕೇ ಮೇಡಂ ಹತ್ರ ಬಂದೆ... ಆ ಬಾಕ್ಸ್ ಯಾಕೋ ನಿನ್ನ ಕೈಲಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಕ್ಸನ್ನು ಬೆನ್ನ ಹಿಂದೆ ಸರಿಸಲು ಹೋದೆ. ಐಸ್‌ಬಾಕ್ಸಿನೊಳಗೆ ಟ್ಯೂಬುಗಳು ಸಣ್ಣಗೆ ಸದ್ದು ಮಾಡಿದವು. ಅದರಲ್ಲೊಂದು ಪುಟ್ಟಿಯದು.

ಒಳಗಿನಿಂದ ಮೇಡಂ ಬಂದರು. ನನ್ನ ಕೈ ನೋಡಿದರು. ಅರ್ಥವಾಯಿತು.

"ಕೆಳಗಿಡಿ ಅದನ್ನ."

"ಇಟ್ರೆ ಗೇಟಲ್ಲಿರೋರು ಬಂದು ಎತ್ಕೊಂಡು ಹೋಗ್ತಾರೆ ಮೇಡಂ. ಹಿಂದುಗಡೆ ಬಾಗಿಲಿದೆಯಾ?"

"ನಿಮ್ಮನ್ನ ಯಾಕೆ ನಂಬಬೇಕು?"

"ನಂಬಬೇಡಿ. ಬಾಕ್ಸ್ ನೀವೇ ಹಿಡ್ಕೊಳ್ಳಿ. ನಾನು ಗಾಡಿ ಓಡಿಸ್ತೀನಿ."

ಬಾಗಿಲಿಗೆ ಬಂದಿದ್ದ ನರ್ಸಮ್ಮ ತಮ್ಮ ಸ್ಕೂಟರಿನ ಕೀ ಎಸೆದರು. ಅಕ್ಕನ ಮುಖ ನೋಡದೆ ಹೊರಟೆ. ಹಿಂಬಾಗಿಲಿನಿಂದ ಸ್ಕೂಟರ್ ರಸ್ತೆಗೆ ಬಿದ್ದದ್ದೇ ತಡ, ಗೋಡೆ ನೋಡಿಬಿಟ್ಟ.

ಈಗ ಗೊತ್ತಾಯಿತಲ್ಲ, ಪಿಕಪ್ ಯಾಕೆ ಬೆನ್ನು ಹತ್ತಿತ್ತು ಎಂದು.

ಮೇನ್ ರೋಡಿನಲ್ಲಿ ಹೋದರೆ ಗೋಡೆ ನಮ್ಮನ್ನು ಅರೆದುಬಿಡುತ್ತಾನೆ. ಹ್ಯಾಂಡಲ್ ತಿರುಗಿಸಿ ಕಾಲೊನಿಯ ಗಲ್ಲಿಗೆ ನುಗ್ಗಿಸಿದೆ. ಪಿಕಪ್ಪೂ ನುಗ್ಗಿತು. ಗಲ್ಲಿಯ ಎರಡೂ ಬದಿ ಖಾಲಿ ಕ್ಯಾನ್‌ಗಳು. ಚಕ್ರದ ಕೆಳಗೆ ಒಂದೊಂದೇ ಒಡೆಯುವುದು ಕೇಳಿಸುತ್ತಿತ್ತು. ಆಮೇಲೆ ಏನೋ ಸಿಕ್ಕಿಕೊಂಡು ಕಿರ್ರೆಂದಿತು. ಪಿಕಪ್ ನಿಂತಿತು.

ಬಚಾವಾದೆವು ಎಂದುಕೊಂಡೆ.

ಗಲ್ಲಿಯ ಇನ್ನೊಂದು ಬಾಯಲ್ಲಿ ಸ್ಕೂಲ್ ವ್ಯಾನ್ ಅಡ್ಡ ನಿಂತಿತ್ತು. ಮಕ್ಕಳು ಹತ್ತುತ್ತಿದ್ದರು. ಬ್ರೇಕ್ ಹಾಕಿದೆ. ಪಿಕಪ್ ಇಳಿದು ಓಡಿಬಂದ ಗೋಡೆಯ ಕೈ ಹಿಂದಿನಿಂದ ನನ್ನ ಕಾಲರ್ ಹಿಡಿಯಿತು. ಸ್ಕೂಟರಿನಿಂದ ಕಿತ್ತು ಒಂದು ಮನೆಯ ಬಾಗಿಲಿಗೆ ಒತ್ತಿದ.

"ಏನಾಯ್ತೋ ನಿನಗೆ? ಬೆಳಿಗ್ಗೆ ಸರಿಯಾಗಿದ್ದೆಯಲ್ಲ!"

"ನನ್ನ ಅಕ್ಕನ ಮಗು ಆ ನೀರು ಕುಡೀತಿದೆ."

ಗೋಡೆ ನನ್ನನ್ನೇ ನೋಡಿದ. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

"ಎಲ್ಲರ ಮಕ್ಕಳೂ ಕುಡೀತಿದ್ದಾವೆ. ಅದು ನಿನಗೆ ಮೊದಲೇ ಗೊತ್ತಿತ್ತಲ್ಲ?"

ಆಮೇಲೆ ಅವನು ಹೊಡೆದ. ತುಟಿ ಒಡೆಯಿತು. ನಿಜ ಹೇಳುತ್ತೇನೆ, ಗುದ್ದು ಅಷ್ಟು ನೋಯಲಿಲ್ಲ. ಅವನ ಮಾತೇ ನೋಯುತ್ತಿತ್ತು. ಜೀವನದಲ್ಲಿ ಒಬ್ಬ ರೌಡಿಯಿಂದ ಬುದ್ಧಿ ಹೇಳಿಸಿಕೊಳ್ಳುವ ಗತಿ ಬಂತು.

ಜನ ಸೇರಿದರು. ಗೋಡೆ ನನ್ನನ್ನು ಬಿಟ್ಟು ಬಾಕ್ಸಿಗೆ ಕೈ ಚಾಚಿ ತಿರುಗಿದ. ಬಾಕ್ಸ್ ಇರಲಿಲ್ಲ. ಸ್ಕೂಟರ್ ಇರಲಿಲ್ಲ. ವ್ಯಾನ್ ಸರಿದಿತ್ತು. ರಸ್ತೆಯ ಆ ತುದಿಯಲ್ಲಿ ಮೇಡಂ ಐಸ್‌ಬಾಕ್ಸ್ ಕಾಲ ನಡುವೆ ಇಟ್ಟುಕೊಂಡು ಹೋಗುತ್ತಿದ್ದರು. ಹಿಂದೆ ತಿರುಗಿಯೂ ನೋಡಲಿಲ್ಲ. ಸರಿಯಾಗೇ ಮಾಡಿದರು.

ಮಧ್ಯಾಹ್ನ ಹಿಯರಿಂಗ್ ಹಾಲಿಗೆ ನಡೆದೇ ಹೋದೆ. ತುಟಿಗೆ ಕರ್ಚೀಫ್ ಒತ್ತಿಕೊಂಡು ಕೊನೆಯ ಸಾಲಿನಲ್ಲಿ ಕೂತೆ. ಕಾಲೊನಿಯ ಜನರೆಲ್ಲ ಬಂದಿದ್ದರು. ಮುಂದೆ ಎಂ.ಡಿ., ಪಕ್ಕದಲ್ಲಿ ಕಂಪನಿಯ ವಕೀಲರು, ಎದುರಿಗೆ ವಿಚಾರಣೆ ನಡೆಸುವ ಅಧಿಕಾರಿ. ಮೇಡಂ ಎದ್ದು ನಿಂತು ಓದುತ್ತಿದ್ದರು. ಲ್ಯಾಬಿನವರು ತರಾತುರಿಯಲ್ಲಿ ಪರೀಕ್ಷೆ ಮಾಡಿಕೊಟ್ಟಿದ್ದರು. ರಕ್ತ ಕೊಟ್ಟ ಮಕ್ಕಳೆಲ್ಲರಲ್ಲೂ ಸೀಸ ಮಿತಿ ಮೀರಿತ್ತು.

ವಕೀಲರು ನಿಧಾನವಾಗಿ ಎದ್ದರು.

"ಸೀಸ ಪೇಂಟಿಂದ ಬರುತ್ತೆ, ಆಟದ ಸಾಮಾನಿಂದ ಬರುತ್ತೆ. ನೀರಿಂದ ಬಂತು ಅಂತ ಹೇಗೆ ಹೇಳ್ತೀರಿ? ಇವರು ಆ ನೀರು ಕುಡಿಯೋದೇ ಇಲ್ಲ. ನಿಮ್ಮದೇ ಲೆಕ್ಕದಲ್ಲಿ ಇದೆ. ದಿನಕ್ಕೆ ಸೊನ್ನೆ ಲೋಟ."

ಮೇಡಂ ತಮ್ಮದೇ ವರದಿಯ ಹಾಳೆ ತಿರುವಿದರು. ಅಧಿಕಾರಿ ಕನ್ನಡಕ ತೆಗೆದರು.

ನಾನು ಎದ್ದೆ. ತುಟಿಯ ಮೇಲಿನ ಕರ್ಚೀಫ್ ತೆಗೆದೆ.

"ಅದು ಸುಳ್ಳು ಸಾರ್. ನಾನು ಹೇಳ್ಕೊಟ್ಟಿದ್ದು. ಇವರೆಲ್ಲ ಕುಡಿಯೋದು ನಲ್ಲಿ ನೀರೇ."

ಎಂ.ಡಿ. ತಿರುಗಿ ನೋಡಿದರು. ಅಧಿಕಾರಿ ಜನರ ಕಡೆ ನೋಡಿದರು.

"ಹೌದಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೂಲೆಮನೆಯ ಅಜ್ಜ ಕೈ ಮುಗಿದು ನಿಂತ.

"ಇಲ್ಲ ಸಾರ್. ನಾವು ಕ್ಯಾನ್ ನೀರೇ ಕುಡಿಯೋದು."

ಅವನು ನನ್ನ ಕಡೆ ನೋಡಿದ. ಅನುಮಾನವಿಲ್ಲ, ಅವನು ನನ್ನನ್ನೇ ಕಾಪಾಡುತ್ತಿದ್ದ. ಮನೆಗಳನ್ನೂ. ನಾನು ಕಲಿಸಿದ ಸುಳ್ಳು ಅಷ್ಟು ಚೆನ್ನಾಗಿ ಬೇರು ಬಿಟ್ಟಿತ್ತು. ವಕೀಲರು ನಕ್ಕರು. ನಾನು ಕೂರಲಿಲ್ಲ.

"ಮನೆ ಕೆಡವ್ತಾರೆ ಅಂತ ಹೆದರಿಸಿದ್ದೂ ನಾನೇ," ಅಂದೆ. "ಅದೂ ಸುಳ್ಳು."

"ಮನೆ ಕೆಡವೋ ಮಾತು ಎಲ್ಲೂ ಇಲ್ಲ," ಅಂದರು ಅಧಿಕಾರಿ.

ಹಾಲಿನಲ್ಲಿದ್ದ ಪ್ರತಿಯೊಂದು ಮುಖವೂ ನನ್ನ ಕಡೆ ತಿರುಗಿತು. ಅಜ್ಜ ಮುಗಿದ ಕೈ ಕೆಳಗಿಳಿಸಿದ.

ಅಕ್ಕ ಎದ್ದಳು. ಪುಟ್ಟಿ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

"ನಾವು ನಲ್ಲಿ ನೀರೇ ಕುಡಿಯೋದು ಸಾರ್."

"ಮಗು?" ಮೇಡಂ ಕೇಳಿದರು. "ಮಗು ದಿನಕ್ಕೆ ಎಷ್ಟು ಕುಡಿಯುತ್ತೆ?"

"ಹಾಲಿನ ಪುಡಿ ಅದರಲ್ಲೇ ಕಲಸೋದು. ಆಮೇಲೆ ಮಧ್ಯೆ ಮಧ್ಯೆ ಕುಡಿಸ್ತಾನೇ ಇರ್ತೀನಿ. ಬೇಡ ಅಂದ್ರೂ ಬಿಡಲ್ಲ." ಅಕ್ಕನ ದನಿ ಸಣ್ಣದಾಯಿತು. "ಮಕ್ಕಳು ಚೆನ್ನಾಗಿ ನೀರು ಕುಡೀಬೇಕು ಅಂತಾರಲ್ಲ ಮೇಡಂ."

ಮೇಡಂ ತಲೆ ತಗ್ಗಿಸಿ ಬರೆದುಕೊಂಡರು. ಆಮೇಲೆ ಪಕ್ಕದ ಮನೆಯ ಬಸುರಿ ಎದ್ದು, ಅಕ್ಕನ ಕ್ಯಾನ್ ನೀರು ಕುಡಿದದ್ದು ತಾನು ಎಂದಳು. ಆಮೇಲೆ ಅಜ್ಜ. ಆಮೇಲೆ ಎಲ್ಲರೂ. ಲೋಟಗಳ ಲೆಕ್ಕ ಮತ್ತೆ ಶುರುವಾಯಿತು.

ಅವತ್ತೇ ಬೋರ್‌ವೆಲ್ಲಿಗೆ ಸೀಲ್ ಬಿತ್ತು. ಕಾಲೊನಿಗೆ ಟ್ಯಾಂಕರ್ ನೀರು ಬಂತು. ಮಕ್ಕಳನ್ನು ಆಸ್ಪತ್ರೆಗೆ ಸೇರಿಸಲು ಆದೇಶವಾಯಿತು. ಚಿಕಿತ್ಸೆಯಿಂದ ರಕ್ತದಲ್ಲಿರುವ ಸೀಸ ಇಳಿಯುತ್ತದಂತೆ. ಆಗಲೇ ಆದ ಹಾನಿ ಎಷ್ಟು ಸರಿಹೋಗುತ್ತದೆ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು ಮೇಡಂ.

ಹೊರಗೆ ಪೊಲೀಸರು ನನಗಾಗಿ ಕಾಯುತ್ತಿದ್ದರು, ಹೇಳಿಕೆ ಕೊಡಬೇಕಿತ್ತು. ಮೆಟ್ಟಿಲ ಮೇಲೆ ಅಕ್ಕ ಸಿಕ್ಕಳು. ಪುಟ್ಟಿ ಎಚ್ಚರವಾಗಿದ್ದಳು. ನನ್ನನ್ನು ನೋಡಿ ಎರಡೂ ಕೈ ಚಾಚಿದಳು, ಅವಳಿಗೇನು ಗೊತ್ತು. ಎತ್ತಿಕೊಳ್ಳಲು ಮುಂದೆ ಹೋದೆ. ಅಕ್ಕ ಅವಳನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಅಕ್ಕಾ, ಒಂದೇ ಒಂದು ಮಾತು..."

"ಇವಳ ಮುಂದೆ ನೀನು ಬಾಯಿ ಬಿಡಬೇಡ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ಇವಳಿನ್ನೂ ಮಾತು ಕಲೀಬೇಕು. ನಿನ್ನ ಬಾಯಿಂದ ಬೇಡ."