ಬಿಟ್ಬಿಡಿ ಅಂದರೆ

ಕನ್ನಡದಲ್ಲಿ 'ಬಿಡಿ'ಗಿಂತ ಅಪಾಯದ ಮಾತಿಲ್ಲ ಎಂದು ಪ್ರಜ್ಞಾಳಿಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಒಂಬತ್ತು ಊರಿನ ಹಾಲಿನ ಡೇರಿಗಳಲ್ಲಿ ಚೀಟಿ ನಿಂತುಹೋದಾಗ.

ಹಾಲು ಹಾಕಿದವರಿಗೆ ಲೀಟರು, ಫ್ಯಾಟು ಬರೆದ ಚೀಟಿ ಕೊಡುವ ಸಾಫ್ಟ್‌ವೇರ್ ತಯಾರಾಗುತ್ತಿದ್ದುದು ಬೀರೂರಿನ ಸ್ಟೇಷನ್ ಹತ್ತಿರದ ಒಂದು ಸಣ್ಣ ಆಫೀಸಿನಲ್ಲಿ. ಬರೆಯುವವರು ಇಬ್ಬರೇ: ಅಜ್ಜಂಪುರದ ಪ್ರಜ್ಞಾ, ಆರು ತಿಂಗಳ ಹಿಂದೆ ಸೇರಿದ ಲಿಂಗದಹಳ್ಳಿಯ ಹೊನ್ನೇಶ್. ಅವರು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಹೊಸ ವರ್ಷನ್ ಬಂದಿತ್ತು. ಚೀಟಿ ಪ್ರಿಂಟ್ ಮಾಡುವ ಹಳೆಯ ಫಂಕ್ಷನ್ ಅದರಲ್ಲಿ 'ಡೆಪ್ರಿಕೇಟೆಡ್', ಅಂದರೆ ಇವತ್ತು ನಡೆಯುತ್ತದೆ, ನಾಳೆ ನಂಬಬೇಡಿ. ಏನು ಮಾಡಲಿ ಎಂದು ಹೊನ್ನೇಶ್ ಕೇಳಿದ್ದಕ್ಕೆ ಅವಳು ಬಸ್ಸಿನಲ್ಲಿ ನಿಂತೇ ಮೆಸೇಜ್ ಹಾಕಿದ್ದಳು: 'ಹಳೇದು ಬಿಟ್ಬಿಡಿ.'

ಅದರ ತಂಟೆಗೆ ಹೋಗಬೇಡಿ ಎಂಬುದು ಅವಳ ಅರ್ಥ. ಅವನು ಬಿಟ್ಟೇಬಿಟ್ಟ, ಕಿತ್ತು ಹಾಕಿ ಹೊಸ ಫಂಕ್ಷನ್ ಕೂರಿಸಿದ. ಹೊಸ ಕಂಪ್ಯೂಟರ್ ಇದ್ದ ಊರುಗಳಿಗೆ ಏನೂ ಆಗಲಿಲ್ಲ. ಪಂಚನಹಳ್ಳಿ ಕಡೆಯ ಒಂಬತ್ತು ಹಳೆಯ ಕಂಪ್ಯೂಟರುಗಳಿಗೆ ಹೊಸ ಫಂಕ್ಷನ್ನಿನ ಗಂಧಗಾಳಿಯೂ ಗೊತ್ತಿರಲಿಲ್ಲ.

ಪಂಚನಹಳ್ಳಿ ಡೇರಿಯ ಸೆಕ್ರೆಟರಿ ಕರಿಬಸಮ್ಮ ಫೋನ್ ಮಾಡಿದರು. "ಎಲ್ರಿಗೂ ಕೈಯಲ್ಲೇ ಬರ್ಕೊಟ್ಟೆ ಕಣವ್ವಾ. ನನ್ನ ಅಕ್ಷರ ನಂಗೇ ಓದಕ್ಕೆ ಬರಲ್ಲ."

ಆಫೀಸಿಗೆ ಬಂದವಳೇ ಪ್ರಜ್ಞಾ ಹೊನ್ನೇಶನನ್ನು ತರಾಟೆಗೆ ತೆಗೆದುಕೊಂಡಳು. ಅವನು ಅವಳ ಮೆಸೇಜ್ ತೆರೆದು ಫೋನ್ ಮುಂದೆ ಹಿಡಿದ. "ಬಿಡಿ ಅಂದ್ರೆ ಹಂಗೇ ಇರ್ಲಿ ಅಂತ" ಎಂದಳು. "ನಮ್ಮೂರಲ್ಲಿ ಬಿಟ್ಬಿಡಿ ಅಂದ್ರೆ ಬಿಟ್ಬಿಡೋದೇ ಮೇಡಂ" ಎಂದ. ನಗು ಬಂದೀತೆಂದು ಅವಳು ಮಾನಿಟರಿನ ಕಡೆ ತಿರುಗಿದಳು. ಆರಿದ್ದ ಸ್ಕ್ರೀನಿನಲ್ಲಿ ಅವನ ಮುಖ ಕಾಣುತ್ತಿತ್ತು, ಅದು ಅವಳನ್ನೇ ನೋಡುತ್ತಿತ್ತು. ಸಿಟ್ಟು ಎಲ್ಲಿಗೆ ಹೋಯಿತೋ.

ಹಳೆಯದನ್ನು ವಾಪಸ್ ಹಾಕಿದ್ದಾಯಿತು. ಆದರೆ ಮಾಲೀಕ ಷಣ್ಮುಖಪ್ಪನವರ ಮನಸ್ಸು ಕೆಟ್ಟಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟು ಎಷ್ಟು ದಿನ, ಆ ಒಂಬತ್ತು ಊರನ್ನು ಕೈಬಿಡೋಣ ಎಂದರು. ಪ್ರಜ್ಞಾ ಒಪ್ಪಲಿಲ್ಲ. ಅವಳ ಅವ್ವ ಓಬಮ್ಮ ಹಾಲು ಹಾಕಿಯೇ ಅವಳನ್ನು ಓದಿಸಿದ್ದು. ಫ್ಯಾಟು ಎಷ್ಟೆಂದು ಡೇರಿಯವರು ಬಾಯಲ್ಲಿ ಹೇಳಿದ್ದನ್ನೇ ನಂಬಿ ಅವ್ವ ಮನೆಗೆ ಬರುತ್ತಿದ್ದ ದಿನಗಳು ಅವಳಿಗೆ ಮರೆತಿರಲಿಲ್ಲ. ಹಳೆಯ ಕಡೆಗೂ ಹೊಸ ಕಡೆಗೂ ಓಡುವ ಒಂದೇ ಪ್ರೋಗ್ರಾಮು ಮಾಡಿಕೊಡುತ್ತೇನೆ ಎಂದು ಹಟ ಹಿಡಿದಳು. ಶನಿವಾರ ಸಂಜೆ ಹಾಲಿನ ಹೊತ್ತಿನವರೆಗೆ ಗಡುವು ಸಿಕ್ಕಿತು.

ಪರೀಕ್ಷೆಗೆ ಒಂದು ಹಳೆಯ ಕಂಪ್ಯೂಟರ್ ಬೇಕಾಯಿತು. ಕರಿಬಸಮ್ಮನವರ ಅಟ್ಟದಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಸಿಪಿಯು ಒಂದನ್ನು ಇಬ್ಬರೂ ಬೈಕಿನಲ್ಲಿ ತಂದರು. ಜೊತೆಗೆ ಕಳಿಸಿದ ಸೋದರತ್ತೆಯ ಹಾಗೆ ಅದು ನಡುವೆ ಕೂತಿತ್ತು. ಗುಂಡಿ ಬಂದಾಗಲೆಲ್ಲ ಅವನು ಕೇಳುತ್ತಿದ್ದ.

"ಹಿಡ್ಕೊಂಡಿದ್ದೀರಾ ಮೇಡಂ?"

"ಸಿಪಿಯು ಹಿಡ್ಕೊಂಡಿದ್ದೀನಿ."

"ಅದನ್ನೇ ಕೇಳಿದ್ದು."

ಅವನ ಕಿವಿ ಕೆಂಪಾಗಿದ್ದು ಹಿಂದೆ ಕೂತವಳಿಗೆ ಕಂಡಿತು. ಬೀರೂರು ಇನ್ನೂ ದೂರವಿದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ಹಳೆಯ ಫಂಕ್ಷನ್ನನ್ನು ನಲವತ್ತು ಕಡೆ ಕರೆಯಲಾಗಿತ್ತು. ಅಷ್ಟನ್ನೂ ಹುಡುಕಿ ಒಂದೇ ಫೈಲಿಗೆ ತಂದರು. ಇನ್ನು ಮೇಲೆ ಪ್ರೋಗ್ರಾಮು ಮೊದಲು ನಿನ್ನದು ಯಾವ ವರ್ಷನ್ ಎಂದು ಕೇಳುತ್ತದೆ, ಹಳೆಯದಕ್ಕೆ ಹಳೆಯ ದಾರಿ, ಹೊಸದಕ್ಕೆ ಹೊಸ ದಾರಿ. ಹಳೆಯ ದಾರಿ ಹಿಡಿದಾಗಲೆಲ್ಲ ಸ್ಕ್ರೀನಿನ ಮೇಲೆ ಹಳದಿ ಸಾಲೊಂದು ಎಚ್ಚರಿಸುತ್ತದೆ. ಅದನ್ನು ಮುಚ್ಚಿಬಿಡೋಣ ಎಂದು ಹೊನ್ನೇಶ್ ಅಂದರೆ, ಬೇಡ, ಯಾವ ಊರು ಇನ್ನೂ ಹಳೆಯದರಲ್ಲಿದೆ ಎಂದು ನಮಗೆ ತಿಳಿಯಬೇಕು ಎಂದಳು ಪ್ರಜ್ಞಾ. ಗುರುವಾರ ಹಳೆಯದು ಓಡಿತು, ಹೊಸದು ನಿಂತಿತು. ಶುಕ್ರವಾರ ತಿರುಗಾಮುರುಗಾ. ಇಬ್ಬರೂ ಎದ್ದು ಹೋಗಲಿಲ್ಲ.

ಶನಿವಾರ ಐದೂವರೆಗೆ ಒಂಬತ್ತು ಊರಿಂದಲೂ ಚೀಟಿಯ ಫೋಟೋ ಬಂತು. ಹೊಸ ಕಂಪ್ಯೂಟರಿನ ಊರುಗಳಲ್ಲೂ ಚೀಟಿ ತಪ್ಪಲಿಲ್ಲ. ಷಣ್ಮುಖಪ್ಪ ಎಲ್ಲವನ್ನೂ ನೋಡಿ, ಸರಿಯಮ್ಮ, ಒಂಬತ್ತೂ ಇರಲಿ ಎಂದು ಮನೆಗೆ ಹೋದರು.

ಕಡೆಯದಾಗಿ ಒಂದು ಸಲ ಎಂದು ಪ್ರಜ್ಞಾ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಓಡಿಸಿದಳು. ಹಳದಿ ಸಾಲು ಬಂತು. ಅವಳು ಬರೆದದ್ದಲ್ಲ.

'ಎಚ್ಚರಿಕೆ: ಮೇಡಂ ಎಂಬುದು ಹಳೆಯದಾಗಿದೆ. ಬದಲಿಗೆ ಪ್ರಜ್ಞಾ ಎಂದು ಬಳಸಲು ಅನುಮತಿ ಬೇಕು.'

ಹೊನ್ನೇಶ್ ಕಿಟಕಿಯಾಚೆ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದ.

"ಬಾಯಲ್ಲಿ ಹೇಳಕ್ಕೆ ಧೈರ್ಯ ಬರ್ಲಿಲ್ಲ" ಎಂದ, ತಿರುಗದೆ. "ನೀವಂದ್ರೆ ನಂಗಿಷ್ಟ. ಬೇಡ ಅಂದ್ರೆ ಆ ಸಾಲು ಅಳಿಸ್ತೀನಿ."

ಅಷ್ಟು ಸಂತೋಷ ಅವಳಿಗೆ ಚೀಟಿ ಬಂದಾಗಲೂ ಆಗಿರಲಿಲ್ಲ. ಆ ಸಾಲಿನ ಕೆಳಗೆ ಟೈಪ್ ಮಾಡಿದಳು: 'ಎರಡೂ ನಡೆಯುತ್ತವೆ. ಆಫೀಸಿನೊಳಗೆ ಮೇಡಂ. ಹೊರಗೆ ಪ್ರಜ್ಞಾ.'

ಅವನು ಬಂದು ಓದಿದ. ಇನ್ನೊಮ್ಮೆ ಓದಿದ. ಬೈಕಿನ ಕೀ ತೆಗೆದುಕೊಂಡು ಬಾಗಿಲು ದಾಟಿ, ಹೊಸಿಲಿನ ಆಚೆ ನಿಂತ.

"ಪ್ರಜ್ಞಾ, ಬಸ್‌ಸ್ಟ್ಯಾಂಡಿಗೆ ಬಿಡ್ಲಾ?"

ಅವಳು ಬ್ಯಾಗು ಹೆಗಲಿಗೇರಿಸಿ ಹೊಸಿಲು ದಾಟಿದಳು. ಆರು ತಿಂಗಳಲ್ಲಿ ಒಮ್ಮೆಯೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ.

"ಬಸ್‌ಸ್ಟ್ಯಾಂಡಿಗೆ ಬಿಡು" ಎಂದಳು. "ನನ್ನ ಬಿಡ್ಬೇಡ."

ಈ ಸಲ ಅವನಿಗೆ ಅರ್ಥ ತಪ್ಪಲಿಲ್ಲ.