ಕಾಲ್ಬೆರಳು ನೋಡುವ ಡಾಕ್ಟರು

2019ರ ಜನವರಿ 7, ಸೋಮವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ.

"ಮುಂದೆ ಯಾರು? ಬೇಗ ಬೇಗ!" ಡಾಕ್ಟರ್ ಬಲ್ಬುಏನಾ ಕೂತಲ್ಲಿಂದಲೇ ಕೂಗಿದರು.

ಜನವರಿಯೆಂದರೆ ನಡುಬೇಸಿಗೆಯಾಗಿರುವ ಕೊರಿಯೆಂತೆಸ್ ಊರಿನ ಬಿಸಿಲಿಗೆ ಕ್ಲಬ್ಬಿನ ಸಿಮೆಂಟು ನೆಲ ಕಾವಲಿಯಂತೆ ಕಾದಿತ್ತು. ಈಜುಡುಗೆ ತೊಟ್ಟ ಮಕ್ಕಳು ಕಾಲು ಸುಡದಂತೆ ಸಾಲಿನಲ್ಲೇ ಕುಣಿಯುತ್ತಿದ್ದರು. ಡಾಕ್ಟರು ನೋಡಿ ಒಪ್ಪದೆ ಇಲ್ಲಿ ಯಾರನ್ನೂ ಈಜುಕೊಳಕ್ಕೆ ಬಿಡುವುದಿಲ್ಲ. ತಲೆಯಲ್ಲಿ ಹೇನಿದೆಯೇ, ಕಾಲ್ಬೆರಳ ಸಂದಿಯಲ್ಲಿ ತುರಿ ಇದೆಯೇ ಎಂದು ನೋಡುತ್ತಾರೆ. ಒಬ್ಬರಿಗೆ ಅರ್ಧ ನಿಮಿಷವೂ ಬೇಡ.

ಇರುಪೆ ಸಾಲಿನಲ್ಲಿ ಎರಡನೆಯವಳು. ಶನಿವಾರ ರಿಲೇ ಸ್ಪರ್ಧೆ. ನಾಲ್ವರ ತಂಡದಲ್ಲಿ ಮೂರನೆಯ ಸರದಿ ಅವಳದು. ಹಿಂದಿನ ಒಪ್ಪಿಗೆಯ ಅವಧಿ ಇವತ್ತಿಗೆ ಮುಗಿಯುತ್ತದೆ, ಶನಿವಾರದೊಳಗೆ ಡಾಕ್ಟರು ಬರುವುದು ಇವತ್ತೇ ಕೊನೆ. ಇವತ್ತು ಒಪ್ಪಿಗೆ ಸಿಗದಿದ್ದರೆ ಶನಿವಾರ ಅವಳು ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಬೇಕು.

ಅವಳ ಮುಂದಿದ್ದ ಗೆಳತಿ ಬ್ರೆಂದಾ ಕಡ್ಡಿಯಂತಿದ್ದಳು. "ಲೇ, ನಂಗೆ ಬೆರಳ ಸಂದೀಲಿ ಒಂದೇ ಸಮ ತುರಿಸ್ತಾ ಇದೆ ಕಣೇ," ಎಂದು ಪಿಸುಗುಟ್ಟಿದಳು. "ಹೇಳ್ಬಿಟ್ಟೀಯ ಮತ್ತೆ!"

ಡಾಕ್ಟರು ಬ್ರೆಂದಾಳ ಕಾಲಿನ ಕಡೆ ಬಗ್ಗಲೂ ಇಲ್ಲ. "ನೋಡಿ, ಮಕ್ಕಳು ಅಂದ್ರೆ ಹೀಗಿರ್ಬೇಕು. ನಡಿ ನೀರಿಗೆ!" ಎಂದರು.

ಇರುಪೆ ಚಪ್ಪಲಿ ಕಳಚಿ ಬಲಗಾಲನ್ನು ಮುಂದೆ ಚಾಚಿದಳು. ಡಾಕ್ಟರು ಕಾಲು ನೋಡಲಿಲ್ಲ, ಹೊಟ್ಟೆ ನೋಡಿದರು.

"ಬಾ ಗುಂಡಮ್ಮ, ಮೊದ್ಲು ತೂಕದ ಮಷಿನ್ ಹತ್ತು."

ಮನೆಯಲ್ಲಿ ಎಲ್ಲರೂ ಅವಳನ್ನು ಗುಂಡಮ್ಮ ಎಂದೇ ಕರೆಯುತ್ತಾರೆ. ಸಪೂರ ಸೊಂಟದ ಅಮ್ಮನನ್ನೂ ಅಪ್ಪ ಗುಂಡಮ್ಮ ಎನ್ನುತ್ತಾನೆ. ಆ ಊರಿನಲ್ಲಿ ಅದು ಮುದ್ದಿನ ಮಾತು. ಆದರೆ ಡಾಕ್ಟರ ಬಾಯಲ್ಲಿ ಅದು ಮುದ್ದಾಗಿರಲಿಲ್ಲ.

"ಐವತ್ತೆಂಟು ಕಿಲೋ!" ಅವರು ಸಾಲಿನ ಕೊನೆಗೂ ಕೇಳುವಂತೆ ಹೇಳಿದರು. ಹಿಂದೆ ಯಾರೋ ಕಿಸಕ್ಕೆಂದರು. "ಇವಳನ್ನ ನೀರಿಗೆ ಬಿಡಕ್ಕಾಗಲ್ಲ. ತೂಕ ಇಳಿಸಿ, ಹಾರ್ಟ್ ಟೆಸ್ಟ್ ಮಾಡಿಸಿ, ಮುಂದಿನ ತಿಂಗಳು ಬನ್ನಿ."

ನೆಲಿದಾ ಅತ್ತೆ ಕೈಯಲ್ಲಿ ಥರ್ಮಾಸ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳೂ ದಪ್ಪ. ಮಾರ್ಕೆಟ್ಟಿನಲ್ಲಿ ಹಳಸಿದ ಮೀನು ಕೊಟ್ಟವನಿಗೆ ನೀರಿಳಿಸುವ ಅತ್ತೆ ಇಲ್ಲಿ ತಲೆ ತಗ್ಗಿಸಿದಳು.

"ಆಯ್ತು ಡಾಕ್ಟ್ರೆ. ತಪ್ಪಾಯ್ತು. ಚಿಪಾ ರೊಟ್ಟಿ ಎಲ್ಲ ಕಮ್ಮಿ ಮಾಡಿಸ್ತೀನಿ..."

ಇರುಪೆಗೆ ಕಿವಿ ಬಿಸಿಯಾಯಿತು. ಏನು ತಪ್ಪಾಯ್ತು? ಹತ್ತು ವರ್ಷದ ತಾನು ಬೆಳಿಗ್ಗೆ ನಿಲ್ಲದೆ ಇಪ್ಪತ್ತು ಸುತ್ತು ಈಜಿದ್ದು ತಪ್ಪೇ? ಬ್ರೆಂದಾಳ ತುರಿ ನಾಲಿಗೆಯ ತುದಿಗೆ ಬಂತು. ಅವಳು ತುಟಿ ಕಚ್ಚಿಕೊಂಡಳು. ಬ್ರೆಂದಾ ಅವಳಿಗೇನೂ ಮಾಡಿರಲಿಲ್ಲ.

"ನನ್ನ ಹಾರ್ಟ್‌ಗೆ ಏನಾಗಿದೆ?" ಎಂದು ಕೇಳಿದಳು.

"ಈ ತೂಕಕ್ಕೆ ಬಿ.ಪಿ. ಇದ್ದೇ ಇರತ್ತೆ ಮರಿ."

"ನೋಡದೇನೇ ಹೆಂಗ್ ಗೊತ್ತಾಯ್ತು? ನೀವು ನನ್ನ ಮುಟ್ಟೇ ಇಲ್ವಲ್ಲ!"

"ಏ, ಬಾಯಿ!" ಎಂದಳು ಅತ್ತೆ. ಆದರೆ ಆ ಗದರಿಕೆಯಲ್ಲಿ ಜೋರಿರಲಿಲ್ಲ.

ಡಾಕ್ಟರು ನಕ್ಕರು. "ಓಹೋ, ನೋಡ್ಲೇಬೇಕಾ? ನೋಡೋಣ ಬಾ, ಕೂತ್ಕೋ." ಬಿ.ಪಿ. ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದರು. ಪಟ್ಟಿಯ ತುದಿಗಳು ಮುಟ್ಟಿದವೋ ಇಲ್ಲವೋ ಎನ್ನುವಂತಿದ್ದವು. ಗಾಳಿ ಒತ್ತಿದಾಗ ಪರ್ರನೆ ಬಿಚ್ಚಿಕೊಂಡಿತು. ಸಾಲಿನಲ್ಲಿ ಮತ್ತೆ ನಗು. ಎರಡನೆಯ ಸಲ ಅವರು ಪಟ್ಟಿಯನ್ನು ಕೈಯಿಂದ ಅದುಮಿ ಹಿಡಿದು ಗಾಳಿ ಒತ್ತಿದರು. ತೋಳು ಕಿತ್ತುಬರುವಂತೆ ನೋಯಿತು.

"ನೂರಾ ಮೂವತ್ತೆರಡು!" ಡಾಕ್ಟರು ಎಲ್ಲರ ಕಡೆ ತಿರುಗಿ ಹೇಳಿದರು. "ನಾನ್ ಹೇಳ್ಲಿಲ್ವಾ?"

"ಅದು ಚಿಕ್ಕ ಪಾಪುಗಳ ಪಟ್ಟಿ," ಎಂದಳು ಇರುಪೆ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ನಂಗೆ ಆಗೋದು ಹಾಕಿ."

ಡಾಕ್ಟರು ಅತ್ತೆಯ ಮುಖ ನೋಡಿದರು, ಇವಳನ್ನು ಕರೆದುಕೊಂಡು ಹೋಗಿ ಎನ್ನುವಂತೆ.

ಅತ್ತೆ ಥರ್ಮಾಸ್ ಅನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದಳು.

"ಹುಡುಗಿ ಕೇಳ್ತಾ ಇದಾಳಲ್ಲ ಡಾಕ್ಟ್ರೆ, ದೊಡ್ಡ ಪಟ್ಟಿ ಹಾಕಿ. ಇಲ್ಲಾಂದ್ರೆ ನಾನು ಇಲ್ಲಿಂದ ಕದಲಲ್ಲ. ನನ್ನನ್ನ ಎತ್ತಿ ಪಕ್ಕಕ್ಕಿಡೋಕೆ ನಿಮ್ಮಿಂದಾಗಲ್ಲ, ನೋಡ್ಕೊಳ್ಳಿ!"

ಈ ಸಲ ಸಾಲು ನಕ್ಕಿದ್ದು ಬೇರೆ ಥರ.

ಡಾಕ್ಟರು ಚೀಲಕ್ಕೆ ಕೈ ಹಾಕಿದರು. ಹುಡುಕಬೇಕಾಗಲಿಲ್ಲ. ದೊಡ್ಡ ಪಟ್ಟಿ ಮೇಲೆಯೇ ಇತ್ತು.

ಇರುಪೆ ಅದನ್ನೇ ನೋಡುತ್ತ ಕೂತಳು. ಹಾಗಾದರೆ ಅವರಿಗೆ ಗೊತ್ತಿತ್ತು. ಬಿಗಿಯಾದ ಪಟ್ಟಿ ಸುಳ್ಳು ಹೇಳುತ್ತದೆಂದು ಗೊತ್ತಿತ್ತು. ಆ ಸುಳ್ಳು ತಾವು ಅಂದುಕೊಂಡದ್ದಕ್ಕೆ ಸರಿಹೊಂದಿತು, ಅದಕ್ಕೇ ಅಷ್ಟು ಜೋರಾಗಿ ಹೇಳಿದರು.

ಪಟ್ಟಿ ತೋಳನ್ನು ಮೆತ್ತಗೆ ಹಿಡಿಯಿತು, ಸಡಿಲಿಸಿತು. ಡಾಕ್ಟರು ಮೀಟರನ್ನು ನೋಡಿದರು. ಮತ್ತೊಮ್ಮೆ ಗಾಳಿ ಒತ್ತಿ ಮತ್ತೊಮ್ಮೆ ನೋಡಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಗಡ್ಡದೊಳಗೇ ಏನೋ ಗೊಣಗಿದರು.

"ಏನಂದ್ರಿ?" ಎಂದಳು ಅತ್ತೆ.

"ಸರಿ ಇದೆ. ಹಾರ್ಟೂ ಸರಿ ಇದೆ. ಈಜಲಿ, ಹೋಗಿ."

ಇರುಪೆ ಏಳಲಿಲ್ಲ. ಕಾಲನ್ನು ಮತ್ತೆ ಚಾಚಿದಳು. "ಬೆರಳು ನೋಡಿಲ್ಲ ಇನ್ನೂ."

ಡಾಕ್ಟರು ಬಗ್ಗಿ ಒಂದೊಂದೇ ಬೆರಳು ಬಿಡಿಸಿ ನೋಡಿದರು. ಚೊಕ್ಕಟವಾಗಿದ್ದವು.

ಅವಳ ಕೋಪ ಇಳಿದಿರಲಿಲ್ಲ. ನೆಲದ ಮೇಲೆ ಎರಡೂ ಕಾಲು ಊರಿ ನಿಂತಳು.

"ಎಷ್ಟು ಬಂತು ಅಂತ ಹೇಳಿ ಡಾಕ್ಟ್ರೆ. ಆಗ್ಲೇ ಹೇಳಿದ್ರಲ್ಲ, ಅಷ್ಟೇ ಜೋರಾಗಿ."

ಡಾಕ್ಟರು ಗಂಟಲು ಸರಿಮಾಡಿಕೊಂಡು ಹೇಳಿದರು.

ಮೇಲಿನದು 104, ಕೆಳಗಿನದು 66.