ಬಾಯಾರಿದ ಕಲ್ಲು

ನಂಬುವವರು ನಂಬಲಿ, ಬಿಡುವವರು ಬಿಡಲಿ. ಅಬುಧಾಬಿಯ ಒಂದು ಖಾಸಗಿ ಮ್ಯೂಸಿಯಂನಲ್ಲಿ ನಾನು ಗೈಡ್ ಆಗಿದ್ದಾಗ, ಪ್ರಾಚೀನ ರೋಮಿನ ಹೆಂಗಸೊಬ್ಬಳ ಗೋರಿಕಲ್ಲು ಪ್ರದರ್ಶನಕ್ಕೆ ಬಂದಿತ್ತು. ಅದರ ನಡುವೆ ಒಂದು ತೂತು. ಸತ್ತವರಿಗೂ ಬಾಯಾರುತ್ತದೆಂದು ರೋಮನ್ನರು ಅಂಥ ತೂತಿನಿಂದ ಗೋರಿಯೊಳಕ್ಕೆ ದ್ರಾಕ್ಷಾರಸ ಎರೆಯುತ್ತಿದ್ದರು.

ಏಸಿಯ ಚಳಿಗೆ ನಾವು ಸ್ವೆಟರ್ ಹಾಕಿಕೊಳ್ಳುವ ಹಾಲ್ ಅದು. ಕಲ್ಲು ಮಾತ್ರ ಜ್ವರ ಬಂದ ಮೈಯಂತೆ ಬಿಸಿ. ತೂತಿಗೆ ಕಿವಿಯಿಟ್ಟರೆ, ಒಣಗಿದ ಗಂಟಲು ಉಗುಳು ನುಂಗುವ ಸದ್ದು.

ಒಂದು ಮಧ್ಯಾಹ್ನ ನನ್ನ ಬಾಟಲಿಯ ನೀರನ್ನು ಎರೆದೇಬಿಟ್ಟೆ. ಒಳಗಿಂದ ಗಟಗಟ ಕೇಳಿಸಿತು. ಕಲ್ಲು ತಣ್ಣಗಾಯಿತು.

ಮ್ಯಾನೇಜರ್ ರಂಜಿತ್ ಓಡಿಬಂದರು. "ನಿಮಗೆ ಮರ್ಲಾ, ತಲೆ ಸಮ ಉಂಟಾ ಪ್ರಫುಲ್ಲಾ? ಇನ್ನೊಮ್ಮೆ ಮಾಡಿದ್ರೆ ಕೆಲಸ ಖಲಾಸ್!"

"ನಿಮ್ಮ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುದಿಲ್ವಾ? ಇವಳಿಗೆ ಇಲ್ಲಿ ಯಾರಿದ್ದಾರೆ? ಬೇಕಾದ್ರೆ ವೀಸಾ ಕ್ಯಾನ್ಸಲ್ ಮಾಡಿ. ನಾನು ಎರೆಯುದೇ."

ಅವರು ಕಲ್ಲನ್ನು ಎತ್ತಿಸಿ ಕೆಳಗಿನ ಮರದ ಪೀಠ ಬಿಚ್ಚಿಸಿದರು. ಹನಿ ನೀರೂ ಇರಲಿಲ್ಲ. ಮರುದಿನವೂ ಅವರ ಕಣ್ಣೆದುರೇ ಎರೆದೆ. ಕೆಲಸ ಹೋಯಿತು. ಹೋಗಲಿ.

ಪ್ರದರ್ಶನ ಮುಗಿದು ಕಲ್ಲು ಇಟಲಿಗೆ ಮರಳಿದ ಮೇಲೆ ರಂಜಿತ್ ಫೋನ್ ಮಾಡಿದರು. "ಅದು ಇದ್ದ ಜಾಗದಲ್ಲಿ ನೆಲ ಸುಡ್ತಾ ಉಂಟು. ನಾನೇ ನೀರು ಹಾಕಿದೆ ಮಾರಾಯ್ರೆ, ಹಾಗೇ ನಿಲ್ತದೆ. ನೀವೊಮ್ಮೆ ಬರ್ತೀರಾ?"

ಬಾಟಲಿ ತುಂಬಿಸಿಕೊಂಡು ಹೋದೆ. ಗ್ರಾನೈಟ್ ನೆಲದಲ್ಲಿ ಒಂದು ಬಿರುಕೂ ಇರಲಿಲ್ಲ. ರಂಜಿತ್ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು.

ಪೂರ್ತಿ ಬಾಟಲಿ ಎರೆದೆ. ಬಟ್ಟೆ ಬೇಕಾಗಲಿಲ್ಲ.